ಟೊಯೋಟಾ ಜಿಟಿ86: ಮೊದಲ ತಿಂಗಳು ಹೀಗೆ ಓಡಿಸಿ

ಹೊಸದಾಗಿ ಜಿಟಿ86 ಕೊಂಡವರು ಒಂದು ವಾರ ಕಳೆಯುವುದರೊಳಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಇದರ 200 ಅಶ್ವಶಕ್ತಿ ಎಲ್ಲಿ ಹೋಯಿತು?" 4000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಆಸುಪಾಸಿನಲ್ಲಿ ಆಕ್ಸಿಲರೇಟರ್ ತುಳಿದಿರುತ್ತಾರೆ. ಕಾರು ಅಂದುಕೊಂಡಷ್ಟು ಜಿಗಿದಿರುವುದಿಲ್ಲ. 100 ಕಿ.ಮೀ. ವೇಗ ಮುಟ್ಟಲು ಇದಕ್ಕೆ 7.6 ಸೆಕೆಂಡು ಬೇಕು. ಟರ್ಬೊ ಇರುವ ಸಾಧಾರಣ ಹ್ಯಾಚ್‌ಬ್ಯಾಕ್‌ಗಳೇ ಇದನ್ನು ಹಿಂದೆ ಹಾಕುತ್ತವೆ. 2013ರ ಮ್ಯಾನುಯಲ್ ಗೇರಿನ ಕಾರನ್ನು ಒಂಬತ್ತು ವರ್ಷಗಳಿಂದ ಓಡಿಸುತ್ತಿರುವ ನಾನು ಅವರಿಗೆ ಹೇಳುವುದಿಷ್ಟೇ: ಈ ಕಾರಿನ ಗುಣವನ್ನು ಎಂಜಿನ್ನಿನ ಬಲದಲ್ಲಿ ಹುಡುಕಬೇಡಿ. ತೂಕ ಎಲ್ಲಿ ಕುಳಿತಿದೆ, ಅದನ್ನು ನೀವು ಹೇಗೆ ಸರಿಸುತ್ತೀರಿ ಎಂಬುದರಲ್ಲಿ ಹುಡುಕಿ.

ಅದಕ್ಕೆ ಮೊದಲು ಬಾನೆಟ್ ಎತ್ತಿ ಐದು ನಿಮಿಷ ನೋಡಿ. ಟೊಯೋಟಾ ಮತ್ತು ಸುಬಾರು ಜೊತೆಗೂಡಿ ಮಾಡಿದ ಕಾರಿದು. 2012ರಲ್ಲಿ ಮಾರುಕಟ್ಟೆಗೆ ಬಂತು. ಸುಬಾರು ಮಾರುವ ಅವಳಿಯ ಹೆಸರು ಬಿಆರ್‌ಝಡ್. ಸುಬಾರುವಿನ ಬಾಕ್ಸರ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ನಿಂತಿಲ್ಲ, ಎರಡೆರಡಾಗಿ ಎಡಕ್ಕೂ ಬಲಕ್ಕೂ ಮಲಗಿವೆ. ಹಾಗಾಗಿ ಇಡೀ ಎಂಜಿನ್ ತಗ್ಗಿನಲ್ಲಿ, ಕ್ಯಾಬಿನ್ನಿಗೆ ಒತ್ತಿಕೊಂಡಂತೆ ಕುಳಿತಿದೆ. ಕಾರಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು 46 ಸೆಂಟಿಮೀಟರ್ ಎತ್ತರದಲ್ಲಿದೆ, ಅಂದರೆ ನಿಂತವರ ಮೊಣಕಾಲಿಗಿಂತ ತುಸು ಕೆಳಗೆ. ಒಟ್ಟು ತೂಕ ಸುಮಾರು 1240 ಕಿಲೋ, ಅದರಲ್ಲಿ ಶೇ. 53 ಮುಂದೆ, ಶೇ. 47 ಹಿಂದೆ. ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಟರ್ಬೊ ಬೇಡ, ಅಗಲ ಟೈರು ಬೇಡ ಎಂದು ಹಟ ಹಿಡಿದದ್ದರ ಫಲ ಇದು. ಪಿಸ್ಟನ್ನಿನ ಅಗಲ 86 ಮಿ.ಮೀ., ಅದು ಚಲಿಸುವ ದೂರವೂ 86 ಮಿ.ಮೀ. ಟೊಯೋಟಾದ್ದೇ ಹಳೆಯ ಕಾರಾದ 1983ರ ಎಇ86 ಕೊರೊಲಾದ ನೆನಪಿಗೆ ಇಟ್ಟ ಹೆಸರು ಎಂಜಿನ್ನಿನ ಒಳಗೂ ಕೂತಿದೆ. ಸ್ಪಾರ್ಕ್ ಪ್ಲಗ್ ಬದಲಿಸುವ ಮೆಕ್ಯಾನಿಕ್ ಮಾತ್ರ ಈ ವಿನ್ಯಾಸವನ್ನು ಮೆಚ್ಚುವುದಿಲ್ಲ. ಪ್ಲಗ್‌ಗಳು ಎರಡು ಪಕ್ಕದ ಸಂದಿಯಲ್ಲಿ ಅಡಗಿವೆ, ಕೈ ಹೋಗುವುದೇ ಕಷ್ಟ.

ಈಗ ಸೀಟು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಲಿ. ಭುಜಗಳು ಸೀಟಿಗೆ ಒರಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು. ದೂರ ಕುಳಿತು ತೋಳು ಚಾಚಿ ಓಡಿಸುವ ಅಭ್ಯಾಸವಿದ್ದರೆ ಇಲ್ಲಿ ಬಿಡಿ, ಏಕೆಂದರೆ ಹಿಂದಿನ ಚಕ್ರ ಜಾರಲು ಹೊರಟಿದೆ ಎಂಬ ಸುದ್ದಿ ಕಣ್ಣಿಗಿಂತ ಮೊದಲು ಸೊಂಟಕ್ಕೆ ತಲುಪುತ್ತದೆ. ಬೆನ್ನು ಸೀಟಿನಿಂದ ಬಿಟ್ಟಿದ್ದರೆ ಆ ಸುದ್ದಿ ತಡವಾಗುತ್ತದೆ. ಸರಿಯಾಗಿ ಕುಳಿತವರಿಗೆ ಗಾಜಿನಾಚೆ ಎರಡು ಮಡ್‌ಗಾರ್ಡ್‌ಗಳ ಉಬ್ಬು ಕಾಣಿಸುತ್ತದೆ. ಮುಂದಿನ ಚಕ್ರಗಳು ಆ ಉಬ್ಬುಗಳ ಕೆಳಗೇ ಇವೆ. ಕಾರನ್ನು ರಸ್ತೆಯ ಅಂಚಿಗೆ ಕೂರಿಸಲು ಇದಕ್ಕಿಂತ ಒಳ್ಳೆಯ ಗುರುತು ಇಲ್ಲ.

ಎಂಜಿನ್ ಚಾಲೂ ಮಾಡಿದರೆ ಮುಂಭಾಗದಿಂದ ಜೀರುಂಡೆ ಕೂಗಿದಂತೆ ಚಿರ್ ಚಿರ್ ಸದ್ದು ಬರುತ್ತದೆ. ಹೆದರಬೇಡಿ, ಅದು ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲ್ ಚಿಮ್ಮಿಸಲು ಒತ್ತಡ ಏರಿಸುವ ಪಂಪಿನ ಸದ್ದು. ಮೊದಲ ಹತ್ತು ನಿಮಿಷ 3500 ಆರ್‌ಪಿಎಂ ದಾಟಿಸಬೇಡಿ. ಕಣ್ಣ ಮುಂದಿರುವ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು. ಎಂಜಿನ್ ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗೇರ್‌ಬಾಕ್ಸ್ ತಣ್ಣಗಿರುವಾಗ ಎರಡನೇ ಗೇರ್ ಕೈಗೆ ತಡೆಯುತ್ತದೆ. ಆಗ ನೂಕಬೇಡಿ. ಗೇರ್ ಲಿವರನ್ನು ನ್ಯೂಟ್ರಲ್‌ನಲ್ಲಿ ಕ್ಷಣ ನಿಲ್ಲಿಸಿ, ಎರಡು ಬೆರಳಿನಿಂದ ಎಳೆಯಿರಿ, ತಾನಾಗಿ ಬೀಳುತ್ತದೆ.

ಮೊದಲ ಪ್ರಶ್ನೆಗೆ ಉತ್ತರವೂ ಗೇರಿನಲ್ಲೇ ಇದೆ. ಈ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 3500ರಿಂದ 4500 ಆರ್‌ಪಿಎಂವರೆಗೆ ಕುಸಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ಗರಿಷ್ಠ 205 ನ್ಯೂಟನ್ ಮೀಟರ್ ಸಿಗುವುದು 6400ರ ಮೇಲೆ. ಪೂರ್ತಿ ಶಕ್ತಿ 7000ದಲ್ಲಿ. ಎರಡನೇ ಗೇರಿನಲ್ಲಿ 5500ಕ್ಕೆ ಬದಲಿಸಿದಿರಿ ಅನ್ನಿ, ಮೂರನೆಯದು ನಿಮ್ಮನ್ನು ಸುಮಾರು 3900ಕ್ಕೆ ಇಳಿಸುತ್ತದೆ, ಅಂದರೆ ನೆಟ್ಟಗೆ ಆ ಹಳ್ಳದೊಳಕ್ಕೆ. 7000ದಲ್ಲಿ ಬದಲಿಸಿದರೆ ಮುಳ್ಳು 4900ಕ್ಕೆ ಬಂದು ನಿಲ್ಲುತ್ತದೆ, ಹಳ್ಳ ಹಿಂದೆ ಉಳಿಯುತ್ತದೆ. ಗೇರುಗಳ ಅಂತರವನ್ನು ಲೆಕ್ಕ ಹಾಕಿದ ದಿನದಿಂದ ನನ್ನ ಕಾರು ಬೇರೆಯೇ ಕಾರಾಯಿತು. ನಿಧಾನವಾಗಿ ಹೋಗುವಾಗ 3000ದೊಳಗೆ ಇರಿ, ಜೋರಾಗಿ ಹೋಗುವಾಗ 5000ದ ಮೇಲೆ ಇರಿ. ನಡುವಿನ ಜಾಗದಲ್ಲಿ ಆಕ್ಸಿಲರೇಟರ್ ತುಳಿದು ಕಾಯುವುದರಲ್ಲಿ ಅರ್ಥವಿಲ್ಲ. ಎರಡನೇ ಗೇರ್ ಒಂದೇ ಗಂಟೆಗೆ ಸುಮಾರು 97 ಕಿ.ಮೀ.ವರೆಗೆ ಎಳೆಯುತ್ತದೆ. ಹಾಗಾಗಿ ಕೆಂಪು ಗೆರೆಯ, ಅಂದರೆ ಎಂಜಿನ್ನಿನ ಗರಿಷ್ಠ ಆರ್‌ಪಿಎಂನ, ಹತ್ತಿರದ ಅಭ್ಯಾಸವೆಲ್ಲ ಮುಚ್ಚಿದ ಟ್ರ್ಯಾಕಿನಲ್ಲೇ ಆಗಬೇಕು, ಸಾರ್ವಜನಿಕ ರಸ್ತೆಯಲ್ಲಿ ಅಲ್ಲ. ಮುಂದೆ ಹೇಳುವ ತಿರುವಿನ ಅಭ್ಯಾಸಕ್ಕೂ ಇದೇ ಮಾತು. ಪಕ್ಕದಲ್ಲಿ ಕಲಿಸುವವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು.

ಇದರ ಮುಂದಿನ ಪೀಳಿಗೆಯಾಗಿ 2021ರಲ್ಲಿ ಬಂದ ಜಿಆರ್86 ಓಡಿಸುವವರು ಈ ಗೇರಿನ ಲೆಕ್ಕವನ್ನು ಬಿಡಬಹುದು. ಅದರ 2.4 ಲೀಟರ್ ಎಂಜಿನ್ 3700 ಆರ್‌ಪಿಎಂನಲ್ಲೇ 250 ನ್ಯೂಟನ್ ಮೀಟರ್ ಕೊಡುತ್ತದೆ, ಹಳ್ಳ ಮುಚ್ಚಿದೆ. ಉಳಿದದ್ದೆಲ್ಲ ಅದಕ್ಕೂ ಸಲ್ಲುತ್ತದೆ.

ಇನ್ನು ತಿರುವು. ನನ್ನ ತಂಗಿಗೆ ಇದನ್ನು ಕಲಿಸಿದ ಬೆಳಗು ಚೆನ್ನಾಗಿ ನೆನಪಿದೆ. ಅವಳು ಅಲ್ಲಿಯವರೆಗೆ ಓಡಿಸಿದ್ದೆಲ್ಲ ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳು. ಟ್ರ್ಯಾಕಿನ ಮೊದಲ ಬಲ ತಿರುವಿಗೆ ಬಂದಾಗ ಬ್ರೇಕ್ ಒತ್ತಿದಳು, ಪೂರ್ತಿ ಬಿಟ್ಟಳು, ಆಮೇಲೆ ಸ್ಟೀರಿಂಗ್ ತಿರುಗಿಸಿದಳು. ಮೂತಿ ಮಾತು ಕೇಳಲಿಲ್ಲ, ಕಾರು ಹೊರ ಅಂಚಿನ ಕಡೆಗೆ ತೇಲಿತು. "ಇನ್ನೂ ತಿರುಗಿಸಲೇ ಅಣ್ಣಾ?" ಎಂದಳು. ಬೇಡ ಎಂದೆ. ಎರಡನೇ ಸುತ್ತಿನಲ್ಲಿ ಒಂದನ್ನೇ ಬದಲಿಸಲು ಹೇಳಿದೆ: ಬ್ರೇಕನ್ನು ಒಮ್ಮೆಗೇ ಬಿಡಬೇಡ, ಸ್ಟೀರಿಂಗ್ ತಿರುಗಿಸುತ್ತಾ ಹೋದಂತೆ ಕಾಲನ್ನು ನಿಧಾನಕ್ಕೆ ಸಡಿಲಿಸುತ್ತಾ ಬಾ. ಅದೇ ವೇಗ, ಅದೇ ತಿರುವು. ಈ ಸಲ ಮೂತಿ ಒಳ ಅಂಚನ್ನು ಹುಡುಕಿಕೊಂಡು ಹೋಯಿತು. ಅವಳು ಏನೂ ಮಾತಾಡದೆ ಇನ್ನೊಂದು ಸುತ್ತು ಹೊಡೆದಳು, ಮತ್ತೊಂದು ಹೊಡೆದಳು.

ನಡೆದದ್ದು ಇಷ್ಟು. ಬ್ರೇಕ್ ಒತ್ತಿದಾಗ ತೂಕ ಮುಂದಿನ ಟೈರುಗಳ ಮೇಲೆ ಬಂದು ಕೂರುತ್ತದೆ, ಅವು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಬ್ರೇಕನ್ನು ಥಟ್ಟನೆ ಬಿಟ್ಟರೆ ತೂಕ ಹಿಂದಕ್ಕೆ ಹೋಗುತ್ತದೆ, ಸರಿಯಾಗಿ ತಿರುಗಬೇಕಾದ ಕ್ಷಣದಲ್ಲಿ ಮುಂದಿನ ಹಿಡಿತ ಸಡಿಲವಾಗುತ್ತದೆ. ಎಲ್ಲ ಕಾರಿನಲ್ಲೂ ಹೀಗೆಯೇ, ಆದರೆ ತಗ್ಗಿನಲ್ಲಿ ಕುಳಿತ ಈ ಹಗುರ ಕಾರು ಅದನ್ನು ಮುಚ್ಚಿಡುವುದಿಲ್ಲ. ಸ್ಟೀರಿಂಗ್ ಹಿಡಿದ ಬೆರಳಿಗೇ ಗೊತ್ತಾಗುತ್ತದೆ: ಟೈರ್ ಹಿಡಿದಿರುವಾಗ ಸ್ಟೀರಿಂಗ್ ಭಾರವಾಗಿರುತ್ತದೆ, ಹಿಡಿತ ಬಿಡುವ ಮೊದಲು ಆ ಭಾರ ಕರಗುತ್ತದೆ. ಕರಗಿದೊಡನೆ ಇನ್ನಷ್ಟು ತಿರುಗಿಸುವುದು ತಪ್ಪು. ತುಸು ನೇರ ಮಾಡಿ, ಆಕ್ಸಿಲರೇಟರನ್ನು ಕೊಂಚ ಇಳಿಸಿ, ಹಿಡಿತ ಮರಳುತ್ತದೆ.

ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಡುವುದು ಇನ್ನೂ ದೊಡ್ಡ ತಪ್ಪು. ತೂಕ ಒಮ್ಮೆಗೇ ಮುಂದಕ್ಕೆ ಧಾವಿಸುತ್ತದೆ, ಹಿಂಭಾಗ ಹಗುರವಾಗಿ ಬೀಸುತ್ತದೆ. ಬೀಸಿದರೆ ಹೋಗಬೇಕಾದ ಕಡೆಗೆ ನೋಡಿ, ಸ್ಟೀರಿಂಗನ್ನು ಅತ್ತಲೇ ತಿರುಗಲು ಬಿಡಿ, ಬ್ರೇಕಿನ ಮೇಲೆ ಹಾರಬೇಡಿ.

ತಿರುವಿನಿಂದ ಹೊರಬರುವಾಗ ಟಾರ್ಸೆನ್ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಸಾಧನ, ಕೆಲಸಕ್ಕೆ ಇಳಿಯುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಹಗುರವಾದ ಒಳ ಚಕ್ರ ಸುಮ್ಮನೆ ಗಿರ್ರನೆ ಸುತ್ತಿ ಶಕ್ತಿ ಸೋರಿಹೋಗುತ್ತದೆ. ಟಾರ್ಸೆನ್ನಿನ ಹಲ್ಲುಚಕ್ರಗಳು ಒಂದಕ್ಕೊಂದು ಬಿಗಿದುಕೊಂಡು ಹಿಡಿತವಿರುವ ಹೊರ ಚಕ್ರಕ್ಕೆ ಹೆಚ್ಚು ಪಾಲು ಕಳುಹಿಸುತ್ತವೆ. ಆದ್ದರಿಂದ ತಿರುವಿನ ತುದಿ ಕಾಣಿಸಿದ ಮೇಲೆ ಆಕ್ಸಿಲರೇಟರನ್ನು ಹಂತಹಂತವಾಗಿ ಒತ್ತುತ್ತಾ ಹೋಗಿ. ಸೊಂಟದ ಕೆಳಗೆ ಹಿಂಭಾಗ ಕುಕ್ಕರಿಸಿದಂತೆ ಅನಿಸುತ್ತದೆ, ಕಾರು ತಾನೇ ದಾರಿಯನ್ನು ಬಿಗಿಮಾಡುತ್ತದೆ. ಒತ್ತಿದಷ್ಟೂ ಸ್ಟೀರಿಂಗ್ ನೇರವಾಗುತ್ತಿರಲಿ.

ಟೈರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕಂಪನಿ ಕೊಟ್ಟದ್ದು 215 ಮಿ.ಮೀ. ಅಗಲದ, 17 ಇಂಚಿನ ಮಿಶೆಲಿನ್ ಪ್ರೈಮಸಿ; ಮಿತವ್ಯಯದ ಪ್ರಿಯಸ್‌ಗೂ ಹಾಕುತ್ತಿದ್ದ ಟೈರ್. ಅನೇಕರು ಮೊದಲು ಕಿತ್ತು ಎಸೆಯುವುದು ಅದನ್ನೇ. ನಾನೂ ಒಮ್ಮೆ ಅಗಲದ, ಅಂಟುವ ಟೈರು ಹಾಕಿಸಿದೆ. ಕಾರು ತಿರುವಿನಲ್ಲಿ ವೇಗವಾಯಿತು, ಆದರೆ ಜಾರುವ ಮುನ್ನ ಬರುತ್ತಿದ್ದ ಸೂಚನೆಗಳು ಹೋದವು. ಹಿಡಿತದ ಮಿತಿ ಬಹಳ ಮೇಲೆ ಹೋಗಿ, ತಪ್ಪಿದರೆ ದೊಡ್ಡ ವೇಗದಲ್ಲಿ ತಪ್ಪುವಂತಾಯಿತು. ಎಂಟು ತಿಂಗಳ ನಂತರ 215ಕ್ಕೇ ಮರಳಿದೆ. ಮೊದಲ ವರ್ಷವಾದರೂ ಮೂಲ ಅಳತೆಯಲ್ಲೇ ಕಲಿಯಿರಿ. ಗಾಳಿಯನ್ನು ನೀವೇ ಅಳೆಯಿರಿ. ಒಮ್ಮೆ ಟೈರ್ ಅಂಗಡಿಯೊಂದರಲ್ಲಿ ಕೇಳದೆಯೇ 42 ಪಿಎಸ್‌ಐ ತುಂಬಿ ಕಳುಹಿಸಿದ್ದರು, ಕಾರು ಸಣ್ಣ ಉಬ್ಬಿಗೂ ಪಕ್ಕಕ್ಕೆ ನೆಗೆಯುತ್ತಿತ್ತು. ಟೈರ್ ತಣ್ಣಗಿರುವಾಗ, ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟಕ್ಕೆ ಇಳಿಸಿದೆ, ಸರಿಹೋಯಿತು.

ಒದ್ದೆ ರಸ್ತೆಯಲ್ಲಿ ಕಾರು ಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಕಾವಲನ್ನು ಆರಿಸಬೇಡಿ. ಒಂದು ಗೇರ್ ಮೇಲಿಟ್ಟುಕೊಂಡು ಓಡಿಸಿ. ಒಣ ರಸ್ತೆಯಲ್ಲಿ ಬೈಯಿಸಿಕೊಳ್ಳುವ ಆ ಟಾರ್ಕಿನ ಹಳ್ಳ ಮಳೆಯಲ್ಲಿ ಹಿಂದಿನ ಚಕ್ರಗಳನ್ನು ಕಾಪಾಡುತ್ತದೆ.

ಟ್ರ್ಯಾಕಿನ ದಿನ ಮುಗಿದ ಮೇಲೆ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ, ಡಿಸ್ಕುಗಳು ಆರಲಿ. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಮೊದಲ ಗೇರಿನಲ್ಲಿ ಬಿಡಿ. ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಮೇಲಿನ ಗುರುತಿನ ಸಮೀಪವಿರಬೇಕು. ಇಳಿದಿದ್ದರೆ ಮನೆಗೆ ಹೊರಡುವ ಮೊದಲೇ 0ಡಬ್ಲ್ಯೂ-20 ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಸರಿಮಾಡಿಕೊಳ್ಳಿ.