ಹಾರ್ಮೋನಿಯಂ ಕೇಳಿದ ಕಿವಿಗೆ ಬೊಸಾ ನೋವಾ

ರಾಮಭಾವು ವಿಜಾಪುರೆಯವರಂಥ ಹಾರ್ಮೋನಿಯಂ ವಾದಕರು ಬಾಳಿದ ಬೆಳಗಾವಿಯಲ್ಲಿ ತಾಳ ಎಣಿಸಲು ಬಲ್ಲವರಿಗೆ ಬೊಸಾ ನೋವಾ ದೂರದ ಸಂಗೀತವೇನಲ್ಲ. 1950ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನ ರಿಯೊ ನಗರದಲ್ಲಿ ರೂಪುಗೊಂಡ ಈ ಶೈಲಿಯನ್ನು ಪಿಯಾನೊದಲ್ಲಿ ಕೇಳಲು, ಈ ಶೈಲಿಯ ಪ್ರಮುಖ ಸಂಯೋಜಕ ಆಂಟೋನಿಯೊ ಕಾರ್ಲೋಸ್ ಜೋಬಿಮ್ ಅವರ ರಚನೆಗಳನ್ನು ಜಾಜ್ ಪಿಯಾನೊ ವಾದಕಿ ಎಲಿಯಾನಿ ಎಲಿಯಾಸ್ ನುಡಿಸಿದ 1990ರ ಆಲ್ಬಮ್‌ನಿಂದ ಆರಂಭಿಸಬಹುದು.

ಮೊದಲ ಸಲ ಕೇಳುವಾಗ ಪಿಯಾನೊವನ್ನು ಬಿಟ್ಟು, ಮಂದ್ರ ಸ್ವರ ನುಡಿಸುವ ತಂತಿವಾದ್ಯ ಬಾಸ್ ಅನ್ನು ಮಾತ್ರ ಹಿಂಬಾಲಿಸಿರಿ. ಕೆಹರವಾ ತಾಳದಂತೆ ಎಂಟು ಮಾತ್ರೆ ಎಣಿಸಿದರೆ ಬಾಸ್‌ನ ಒತ್ತು ಸಾಮಾನ್ಯವಾಗಿ ಒಂದು ಮತ್ತು ಐದನೆಯ ಮಾತ್ರೆಗೆ ಬೀಳುತ್ತದೆ. ಅದು ಕೈಗೆ ಹತ್ತಿದ ಮೇಲೆ ಎಂಟೆಂಟು ಮಾತ್ರೆಯ ಎರಡು ಆವರ್ತನಗಳನ್ನು ಜೋಡಿಸಿ, ಮೊದಲನೆಯದರಲ್ಲಿ 1, 4, 7ಕ್ಕೂ ಎರಡನೆಯದರಲ್ಲಿ 3, 6ಕ್ಕೂ ಮೇಜಿನ ಮೇಲೆ ಬೆರಳಿನಿಂದ ತಟ್ಟಿರಿ. ಡ್ರಮ್ ವಾದಕರು ಅಂಚಿನ ಮೇಲೆ ಕೋಲು ತಟ್ಟಿ ಮೂಡಿಸುವ, ಬೊಸಾ ನೋವಾದ ಗುರುತೇ ಆಗಿರುವ ಲಯ ಇದು. ಎರಡನೆಯ ಆವರ್ತನದ ಸಮ್, ಅಂದರೆ ಮೊದಲ ಮಾತ್ರೆ, ಖಾಲಿ ಉಳಿಯುವುದರಿಂದ ನಮ್ಮವರ ಕೈ ಅಲ್ಲಿಯೇ ತಪ್ಪುತ್ತದೆ, ಆಗ ವೇಗ ತಗ್ಗಿಸಿ ಮತ್ತೆ ಎಣಿಸುವುದೇ ದಾರಿ.

ಬಳಿಕ ಪಿಯಾನೊಗೆ ಬನ್ನಿರಿ. ತಂಬೂರಿಯ ಷಡ್ಜದಂಥ ಅಚಲ ಆಧಾರವನ್ನು ಇಲ್ಲಿ ಹುಡುಕಬಾರದು. ಜೋಬಿಮ್ ಅವರ ‘ಒಂದೇ ಸ್ವರದ ಸಾಂಬಾ’ದ ಆರಂಭದಲ್ಲಿ ಮೇಲಿನ ಸ್ವರ ನಿಂತಲ್ಲೇ ನಿಲ್ಲುತ್ತದೆ, ಕೆಳಗಿನ ಸ್ವರಮೇಳಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು) ಮೆಟ್ಟಿಲಿಳಿದಂತೆ ಸರಿಯುತ್ತಾ ಅದೇ ಸ್ವರಕ್ಕೆ ಪ್ರತಿ ಸಲವೂ ಬೇರೆ ಬಣ್ಣ ಕೊಡುತ್ತವೆ. ರಾಗದ ಕಿವಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರವಿಲ್ಲ.