ಮಾಳಿಗೆ ಮೇಲಿನ ಸಿಇಟಿ ಬ್ಯಾಚ್: ನನ್ನ ಅನುಭವ

ಪಿಯು ಆದಮೇಲೆ ಎಂಜಿನಿಯರಿಂಗ್ ಥರದ ಸೀಟಿಗೆ ಬರೆಯೋ ಸಿಇಟಿ ಪರೀಕ್ಷೆ ಅಂದರೆ ಮಕ್ಕಳನ್ನು ಮಂಗಳೂರು ಕಡೆ ಹಾಸ್ಟೆಲ್‌ಗೆ ಹಾಕಬೇಕು ಅನ್ನೋದು ನಮ್ಮ ಶಿರಸಿ ಕಡೆಯ ಲೆಕ್ಕ. ವರ್ಷಕ್ಕೆ ಲಕ್ಷದ ಮೇಲೆ ಖರ್ಚು. ನಾನು ಮನೆಯ ಮಾಳಿಗೆಯಲ್ಲೇ ಬ್ಯಾಚ್ ಶುರು ಮಾಡಿದಾಗ ಜೊತೆಯ ಲೆಕ್ಚರರುಗಳೇ ನಕ್ಕರು. "ಮಾಸ್ತರೆ, ಅಲ್ಲಿ ಅಡಿಕೆನಾದ್ರೂ ಒಣಗ್ಸಿ" ಎಂದರು. ಈ ಸಲ ಒಬ್ಬ ಹುಡುಗಿಗೆ ಶಿರಸಿಯ ಅರಣ್ಯ ಕಾಲೇಜಲ್ಲೇ ಸೀಟು ಸಿಕ್ಕಿತು. ಮೂರ್ನಾಲ್ಕು ಜನಕ್ಕೆ ಎಂಜಿನಿಯರಿಂಗ್ ಆಯಿತು. ನಕ್ಕವರಲ್ಲಿ ಒಬ್ಬರು ಮಗನನ್ನು ಕಳಿಸಲಾ ಎಂದು ಫೋನ್ ಮಾಡಿದ್ದಾರೆ. ಇನ್ನು ಬರೆಯಬಹುದು ಅಲ್ವಾ?

ಮೊದಲ ವರ್ಷ ಬರೀ ದುಡ್ಡು ಹೋಯಿತು. ಪ್ರೆಸ್ಸಿನಲ್ಲಿ ಓಎಂಆರ್ ಹಾಳೆ (ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆ) ಅಚ್ಚು ಹಾಕಿಸಿದೆ, ಒಂದಕ್ಕೆ ನಾಲ್ಕು ರೂಪಾಯಿ ಹತ್ತಿರ ಬಿತ್ತು. ಜುಲೈ ಮಳೆಗೆ ಕಟ್ಟುಗಳೆಲ್ಲ ತಂಪು ಹಿಡಿದವು. ವೃತ್ತ ತುಂಬಲು ಪೆನ್ನು ಒತ್ತಿದರೆ ತೂತು. ಆಮೇಲೆ ಒಂದು ಮೊಬೈಲ್ ಟೆಸ್ಟ್ ಸರಣಿಗೆ ಏಳೆಂಟು ಸಾವಿರ ಸುರಿದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಹುಡುಗರು ಕೊಡೆ ಹಿಡಿದು ಗುಡ್ಡ ಹತ್ತಿ ಕೆಮಿಸ್ಟ್ರಿ ಬರೆದರು. ಈಗ ರೂಪಾಯಿಯ ಜೆರಾಕ್ಸ್ ಹಾಳೆ, ಹಳೇ ಪ್ರಶ್ನೆಪತ್ರಿಕೆ, ಒಂದು ಗೋಡೆ ಗಡಿಯಾರ. ಅಷ್ಟೇ.

ಭಾನುವಾರ 10.30ಕ್ಕೆ ಒಂದು ವಿಷಯ, 2.30ಕ್ಕೆ ಇನ್ನೊಂದು, ಥೇಟ್ ಸಿಇಟಿ ಥರ. 60 ಪ್ರಶ್ನೆಗೆ 80 ನಿಮಿಷ. ಊಟವಾದ ಮೇಲಿನ ಪೇಪರಲ್ಲಿ ಐದಾರು ಅಂಕ ಇಳಿಯುತ್ತಿತ್ತು. ಅನ್ನ ಕಡಿಮೆ ಮಾಡಿಸಿದೆ, ಅವಲಕ್ಕಿ ಕೊಟ್ಟು ನೋಡಿದೆ. ಕೊನೆಗೆ ಯಾವುದು ಹಿಡಿಸಿತು ಅನ್ನೋದು ನಮ್ಮ ಅಡುಗೆಮನೆ ಗುಟ್ಟು, ಬಿಡಿ.

ಕೆಲಸ ಕೊಟ್ಟಿದ್ದು ಮೂರು ಅಕ್ಷರ. ಪ್ರತಿ ಉತ್ತರದ ಪಕ್ಕ ಹುಡುಗರು 'ಗೊ', 'ಸಂ', 'ಕು' ಬರೆಯಬೇಕು: ಗೊತ್ತು, ಸಂಶಯ, ಕುರುಡು. ತಿದ್ದುವಾಗ ಮೂರನ್ನೂ ಬೇರೆ ಬೇರೆ ಎಣಿಸುತ್ತೇವೆ. ಎಲ್ಲರೂ ಹೆದರಿದ್ದು 'ಕು'ಗೆ. ಅಂಕ ಸೋರುತ್ತಿದ್ದದ್ದು 'ಗೊ'ದಲ್ಲಿ! 'ತಪ್ಪಾದ ಹೇಳಿಕೆ ಯಾವುದು' ಎಂದು ಕೇಳಿದರೆ ಸರಿಯಾದದ್ದಕ್ಕೆ ಗುರುತು. ಸೆಂಟಿಮೀಟರ್ ಕೊಟ್ಟಿದ್ದರೆ ಮೀಟರ್ ಅಂತ ಲೆಕ್ಕ. ಪೇಪರಿಗೆ ಏಳೆಂಟು ಅಂಕ ಹೀಗೇ ಹೋಗುತ್ತಿತ್ತು. ಎರಡು ತಿಂಗಳು ಹೊಸ ಪಾಠ ನಿಲ್ಲಿಸಿ ಬರೀ 'ಗೊ' ತಪ್ಪುಗಳನ್ನೇ ತಿದ್ದಿಸಿದೆ. ಪಾಲಕರು ಗೊಣಗಿದರು. ಗಣಿತದಲ್ಲಿ ಯಾವ ಪ್ರಶ್ನೆ ಮೊದಲು ಹಿಡಿಯಬೇಕು ಅನ್ನೋದಕ್ಕೂ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ನನ್ನ ಹುಡುಗರೇ ಜಗಳಕ್ಕೆ ಬರುತ್ತಾರೆ.

ನಡುವೆ ಒಂದು ತಮಾಷೆ. ನಮ್ಮ ಆಯಿಗೆ ಬಯಾಲಜಿ ಪೇಪರಿನ ಉತ್ತರ ಹಾಳೆ ಕೊಟ್ಟು, ಮನಸ್ಸಿಗೆ ಬಂದ ವೃತ್ತ ತುಂಬಲು ಹೇಳಿದೆ. ಹದಿನಾಲ್ಕೋ ಹದಿನೈದೋ ಬಂತು. ನಾಲ್ಕರಲ್ಲೊಂದು, ಲೆಕ್ಕಕ್ಕೆ ಸರಿಯಾಗಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಮೈನಸ್ ಅಂಕ ಇಲ್ಲ. ಆಮೇಲೆ ಯಾರೂ ಒಂದು ವೃತ್ತವನ್ನೂ ಖಾಲಿ ಬಿಟ್ಟಿಲ್ಲ.

ಟೆಸ್ಟ್ ಮುಗಿದ ಮೇಲೆ ಹತ್ತು ನಿಮಿಷ ಪರೀಕ್ಷೆಗೆ ಬೈಯಲು ಬಿಡುತ್ತೇನೆ. ಬೈಯುವವರೂ ಹೊಗಳುವವರೂ ಅವರೇ. "ರ‍್ಯಾಂಕ್ ಬಂದ್ರೆ ಸೀಟು, ಯಾರ ಶಿಫಾರಸೂ ಬೇಡ" ಎಂದ ಹುಡುಗನೇ, "ಅರ್ಧ ಪುಟ ಡಿರೈವೇಶನ್ ಕಲ್ತಿದ್ದಕ್ಕೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ ಸರ್" ಎಂದು ಸಿಟ್ಟಾಗುತ್ತಾನೆ. ಎರಡೂ ನಿಜವೇ. 2024ರಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆ ಬಂದು, 240ರಲ್ಲಿ 50 ಪ್ರಶ್ನೆ ಕೈಬಿಟ್ಟರಲ್ಲ, ಆಗಂತೂ ಮಾಳಿಗೆ ಎರಡು ಪಾಲಾಗಿತ್ತು. ಹಳೇ ಪುಸ್ತಕ ಓದಿ ಅವಕ್ಕೂ ಉತ್ತರ ಬರೆದಿದ್ದವಳಿಗೆ ಅಳು, ಉಳಿದವರಿಗೆ ಹಬ್ಬ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ್ದೂ ಅರ್ಧ ಪಾಲು ಇರುವುದರಿಂದ ಸಿಇಟಿ ಮೇಲೆ ಅಷ್ಟು ದ್ವೇಷ ಇಲ್ಲ. ಡಾಕ್ಟರ್ ಸೀಟಿಗೆ ಬರೆಯುವ ನೀಟ್ ಹೆಸರೆತ್ತಿದರೆ ಮುಖ ಸಣ್ಣದಾಗುತ್ತದೆ. ಅಲ್ಲಿ ಪಿಯು ಅಂಕ ಅರ್ಹತೆಗೆ ಮಾತ್ರ.

ನೀಟ್‌ನಲ್ಲಿ ನಮ್ಮ ಬ್ಯಾಚಿಂದ ಯಾರಿಗೂ ಎಂಬಿಬಿಎಸ್ ಆಗಿಲ್ಲ. ಅದಕ್ಕೆ ಮೂರಕ್ಷರವನ್ನು ಬೇರೆ ರೀತಿ ತಿರುಗಿಸಿ ನೋಡುತ್ತಿದ್ದೇನೆ. ಸರಿಗೆ 4, ತಪ್ಪಿಗೆ ಮೈನಸ್ 1. ನಾಲ್ಕರಲ್ಲಿ ಎರಡು ಆಯ್ಕೆ ತೆಗೆದುಹಾಕಲು ಬಂದರೆ 'ಸಂ' ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ ಲಾಭ. ಕುರುಡು ಹೊಡೆದರೂ ಕಾಲು ಅಂಕ ಉಳಿಯುತ್ತದೆ. ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರೂ ಹುಡುಗಿಯರು ನಂಬುವುದಿಲ್ಲ, ಮೈನಸ್ ಅಂದರೆ ಕೈ ನಡುಗುತ್ತದೆ. 'ಸಂ'ಗೆ ಒಪ್ಪಿಸಿದ್ದೇನೆ. 'ಕು' ಬಗ್ಗೆ ಜಗಳ ಇನ್ನೂ ನಡೆದಿದೆ.