ನೋಡ್‌ಗೆ ನೋಡ್ ಸಿಗುತ್ತಿಲ್ಲವೇ? ಲಿಬ್‌ಪಿ2ಪಿ ಸಂಪರ್ಕ ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಲಿಬ್‌ಪಿ2ಪಿ (ಯಂತ್ರಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸುವ ಕೋಡ್ ಲೈಬ್ರರಿ) ಬಳಸಿ ಬರೆದ ಎರಡು ನೋಡ್‌ಗಳು (ಜಾಲದಲ್ಲಿ ಓಡುವ ಪ್ರೋಗ್ರಾಮುಗಳು) ಒಂದೇ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಮಾತಾಡಿಕೊಳ್ಳುತ್ತವೆ. ಒಂದನ್ನು ದೂರದ ಸರ್ವರಿಗೆ ಹಾಕಿದ ಮೇಲೆ ಶುರುವಾಗುತ್ತದೆ ತಕರಾರು. ಕೋಡಿಗೆ ಕೈ ಹಾಕುವ ಮುನ್ನ ಡೀಬಗ್ ಲಾಗ್ ಚಾಲೂ ಮಾಡಿ, ಸಂಪರ್ಕ ಯಾವ ಹಂತದವರೆಗೆ ಹೋಗಿ ನಿಂತಿದೆ ಎಂದು ನೋಡಿ.

ಮೊದಲು ವಿಳಾಸ. ಪೂರ್ತಿ ವಿಳಾಸ /ಐಪಿ4/203.0.113.7/ಟಿಸಿಪಿ/4001/ಪಿ2ಪಿ/ ಎಂದು ಸಾಗಿ ಪೀರ್ ಐಡಿಯಲ್ಲಿ, ಅಂದರೆ ಆ ನೋಡ್‌ನ ಗುರುತಿನಲ್ಲಿ, ಮುಗಿಯಬೇಕು. ನೋಡ್ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿದ್ದರೆ (ಲಿಸನ್) ಹೊರಗಿನವರಿಗೆ ಅದು ಸಿಗುವುದೇ ಇಲ್ಲ, 0.0.0.0 ಕೊಡಿ. ಆದರೆ 0.0.0.0 ಕೇಳಿಸಿಕೊಳ್ಳುವುದಕ್ಕಷ್ಟೇ, ಇನ್ನೊಂದು ನೋಡ್‌ಗೆ ಹಂಚುವ ವಿಳಾಸವಲ್ಲ. ನೋಡ್ ತೋರಿಸುವ ವಿಳಾಸ 172.17ರಿಂದ ಶುರುವಾಗಿದ್ದರೆ ಅದು ಬಹುಪಾಲು ಡಾಕರ್‌ನ ಒಳವಿಳಾಸ.

ಆಮೇಲೆ ಪೋರ್ಟ್. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆ ಪೋರ್ಟಿನಲ್ಲಿ ಯಾರೂ ಇಲ್ಲ. 'ಟೈಮ್‌ಔಟ್' ಬಂದರೆ ದಾರಿಯಲ್ಲಿ ಫೈರ್‌ವಾಲ್ ಪ್ಯಾಕೆಟ್ ನುಂಗಿರುವ ಸಾಧ್ಯತೆ ಹೆಚ್ಚು. ಕ್ಲೌಡ್ ಸರ್ವರಿನಲ್ಲಿ ಎರಡು ಕಡೆ ತೆರೆಯಬೇಕು: ಯಂತ್ರದೊಳಗಿನ ಫೈರ್‌ವಾಲ್, ಕ್ಲೌಡ್ ಖಾತೆಯ ಸೆಕ್ಯುರಿಟಿ ಗ್ರೂಪ್. ಟಿಸಿಪಿ ಬದಲು ಬಳಸಬಹುದಾದ ಕ್ವಿಕ್ ಓಡುವುದು ಯುಡಿಪಿ ಮೇಲೆ. ಟಿಸಿಪಿ 4001 ತೆರೆದು ಯುಡಿಪಿ 4001 ಬಿಟ್ಟರೆ ಕ್ವಿಕ್ ಸಂಪರ್ಕ ಕೂಡುವುದಿಲ್ಲ.

ಸರಿಪಡಿಸಿದ ಮೇಲೂ 'ಡಯಲ್ ಬ್ಯಾಕ್‌ಆಫ್' ಎಂದು ಬಂದರೆ ಗಾಬರಿ ಬೇಡ. ಸೋತ ವಿಳಾಸವನ್ನು ಲಿಬ್‌ಪಿ2ಪಿಯ ಗೋ ಭಾಷೆಯ ಆವೃತ್ತಿ ಮೊದಲು ಸುಮಾರು 5 ಸೆಕೆಂಡು, ಸೋತಷ್ಟೂ ಹೆಚ್ಚಿಸುತ್ತಾ 5 ನಿಮಿಷದವರೆಗೂ ದೂರ ಇಡುತ್ತದೆ. ಡಯಲ್ ಮಾಡುವ, ಅಂದರೆ ಸಂಪರ್ಕ ಕೋರುವ, ನೋಡ್ ಮರುಚಾಲನೆ ಮಾಡಿ.

ಗುರುತು. 'ಪೀರ್ ಐಡಿ ಮಿಸ್‌ಮ್ಯಾಚ್' ಎಂದರೆ ವಿಳಾಸ ಸರಿ, ಅಲ್ಲಿರುವವರು ಬೇರೆ. ಪೀರ್ ಐಡಿ ಹುಟ್ಟುವುದು ಪಬ್ಲಿಕ್ ಕೀಯಿಂದ. ಮಾದರಿ ಪ್ರೋಗ್ರಾಮುಗಳು ಪ್ರತಿಸಲ ಹೊಸ ಕೀ ಮಾಡಿಕೊಳ್ಳುವುದರಿಂದ ಐಡಿಯೂ ಬದಲಾಗುತ್ತದೆ. ಪ್ರೈವೇಟ್ ಕೀಯನ್ನು ಫೈಲಿನಲ್ಲಿ ಉಳಿಸಿ ಅದನ್ನೇ ಓದಿಸಿ. ಕೀ ಸಮೇತ ಕಂಟೇನರ್ ಇಮೇಜ್ ನಕಲು ಮಾಡಿದರೆ ಉಲ್ಟಾ ತೊಂದರೆ: ಎರಡು ನೋಡ್‌ಗೂ ಒಂದೇ ಐಡಿ, 'ನಿನಗೆ ನೀನೇ ಡಯಲ್ ಮಾಡುತ್ತಿದ್ದೀಯ' ಎಂಬರ್ಥದ ದೋಷ.

ಕೈಕುಲುಕು. ಸಂಪರ್ಕವನ್ನು ಗೂಢಲಿಪೀಕರಿಸುವ ನಾಯ್ಸ್ ಅಥವಾ ಟಿಎಲ್ಎಸ್, ಎರಡರಲ್ಲಿ ಒಂದಾದರೂ ಇಬ್ಬರ ಬಳಿಯೂ ಇರಬೇಕು. ಟಿಸಿಪಿಯಾದರೆ ಒಂದೇ ಸಂಪರ್ಕದಲ್ಲಿ ಹಲವು ಸ್ಟ್ರೀಮ್ ಹರಿಸುವ ಯಾಮಕ್ಸ್‌ನಂಥ ಮಲ್ಟಿಪ್ಲೆಕ್ಸರ್ ಕೂಡ. ಹಳೆಯ 'ಕ್ವಿಕ್' ಮತ್ತು ಈಗಿನ 'ಕ್ವಿಕ್-ವಿ1' ಬೇರೆಬೇರೆ, ಒಂದಕ್ಕೊಂದು ಹೊಂದುವುದಿಲ್ಲ.

ಸಂಪರ್ಕವಾಗಿಯೂ 'ಪ್ರೋಟೊಕಾಲ್ ನಾಟ್ ಸಪೋರ್ಟೆಡ್' ಬಂದರೆ ಎರಡೂ ಕಡೆಯ ಪ್ರೋಟೊಕಾಲ್ ಹೆಸರು ಅಕ್ಷರಶಃ ಹೊಂದಿಸಿ ನೋಡಿ. /ಚಾಟ್/1.0 ಮತ್ತು /ಚಾಟ್/1.0.0 ಲಿಬ್‌ಪಿ2ಪಿ ಲೆಕ್ಕದಲ್ಲಿ ಎರಡು.

ನ್ಯಾಟ್ (ಹಲವು ಯಂತ್ರಗಳು ಒಂದೇ ಪಬ್ಲಿಕ್ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ), ಅಸಲಿ ತಲೆನೋವು. ರೂಟರಿನ ಪುಟದಲ್ಲಿ ವ್ಯಾನ್ (ಹೊರಬದಿಯ) ವಿಳಾಸ ನೋಡಿ. 100.64ರಿಂದ 100.127ರ ನಡುವೆ ಇದ್ದರೆ ನೀವು ಇಂಟರ್ನೆಟ್ ಕಂಪನಿಯ ನ್ಯಾಟ್ ಹಿಂದೆ ಇದ್ದೀರಿ. ಮನೆಯ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದು ವ್ಯರ್ಥ. ಆಗ ಪಬ್ಲಿಕ್ ವಿಳಾಸವಿರುವ ಒಂದು ರಿಲೇ ನೋಡ್, ಅಂದರೆ ಇಬ್ಬರ ನಡುವೆ ದಾಟಿಸುವ ನೋಡ್, ಬೇಕು. ನ್ಯಾಟ್ ಹಿಂದಿನ ನೋಡ್ ಅಲ್ಲಿ ಮೊದಲೇ ಜಾಗ ಕಾದಿರಿಸಿ, 'ಪಿ2ಪಿ-ಸರ್ಕಿಟ್' ಇರುವ ವಿಳಾಸ ಹಂಚಬೇಕು. ಕಾದಿರಿಸದೆ ರಿಲೇ ಮೂಲಕ ಡಯಲ್ ಮಾಡಿದರೆ ಅದು ತಿರಸ್ಕಾರವಾಗುತ್ತದೆ.

ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಗೋ ಆವೃತ್ತಿಯ ರಿಲೇಯಲ್ಲಿ ಒಂದು ಸಂಪರ್ಕಕ್ಕೆ ಪೂರ್ವನಿಯೋಜಿತ ಮಿತಿ 2 ನಿಮಿಷ, 128 ಕಿಲೋಬೈಟ್. ಚಾಟ್ ಸಂದೇಶ ಹೋಗುತ್ತದೆ, ಫೋಟೊ ಅರ್ಧಕ್ಕೆ ಕಡಿಯುತ್ತದೆ. ಅದು ಬಗ್ ಅಲ್ಲ. ರಿಲೇ ಇರುವುದು ನೇರ ಸಂಪರ್ಕ ಕುದುರಿಸುವವರೆಗೆ ಮಾತ್ರ. ಮಿತಿಯುಳ್ಳ ಸಂಪರ್ಕದಲ್ಲಿ ಸ್ಟ್ರೀಮ್ ತೆರೆಯಲು ಕೋಡಿನಲ್ಲಿ ಬೇರೆಯಾಗಿಯೇ ಅನುಮತಿ ಕೊಡಬೇಕು. ನೇರ ದಾರಿಗೆ ಎರಡೂ ಕಡೆ ಹೋಲ್ ಪಂಚಿಂಗ್ (ಇಬ್ಬರೂ ಒಟ್ಟಿಗೆ ಡಯಲ್ ಮಾಡಿ ನ್ಯಾಟ್ ದಾಟುವ ತಂತ್ರ) ಸಕ್ರಿಯಗೊಳಿಸಿ. ಎರಡೂ ಕಡೆ ಸಿಮೆಟ್ರಿಕ್ ನ್ಯಾಟ್ (ಪ್ರತಿ ಗುರಿಗೂ ಬೇರೆ ಹೊರಪೋರ್ಟ್ ಕೊಡುವ ಬಗೆ) ಇದ್ದರೆ ಅದು ಸಾಮಾನ್ಯವಾಗಿ ಸೋಲುತ್ತದೆ. ಆಗ ಐಪಿವಿ6 ಇದೆಯೇ ನೋಡಿ, ಇಲ್ಲವಾದರೆ ಸ್ವಂತ ರಿಲೇ ನಡೆಸಿ ಮಿತಿ ಏರಿಸಿಕೊಳ್ಳಿ.